ಪುಸ್ತಕ ಮನೆಗೆ ಬಂದರೆ ಸಹಿ ಹಾಕಬೇಡ

ಮೊನ್ನೆ ಡೇರಿ ಮುಂದೆ ಹಾಲಿನ ಕ್ಯಾನು ಕೆಳಗಿಟ್ಟು ಕೇಳಿದೆಯಲ್ಲಮ್ಮ, "ಸಾರ್, ಎಸ್‌ಡಿಎಂಸಿಗೆ ಹೆಸರು ಕೊಡು ಅಂತ ಎಲ್ಲರೂ ಹಿಂದೆ ಬಿದ್ದಿದ್ದಾರೆ, ಕೊಡಲಾ ಬೇಡವಾ?" ಅಂತ. ಹಾಲು ಹಾಕೋರ ಸಾಲಿನಲ್ಲಿ ನಿಂತು ಹೇಳೋ ಮಾತಲ್ಲ ಅದು. ಅರ್ಧ ಊರು ಕಿವಿ ನಿಮಿರಿಸಿಕೊಂಡಿತ್ತು. "ಯೋಚನೆ ಮಾಡಿ ಹೇಳ್ತೀನಿ" ಅಂತ ಜಾರಿಕೊಂಡೆ. ಯೋಚನೆ ಮಾಡೋಕೇನೂ ಇರಲಿಲ್ಲ. ಕೊಡು. ಆದರೆ ಅವರು ಯಾಕೆ ಕೇಳ್ತಿದ್ದಾರೆ ಅನ್ನೋದು ಗೊತ್ತಿದ್ದು ಕೊಡು.

ಅವರಿಗೆ ಬೇಕಾಗಿರೋದು ನೀನಲ್ಲ ಕಣಮ್ಮ, ಒಂಬತ್ತು ಹೆಂಗಸರ ಹೆಸರು. ಪೋಷಕರಿಂದ ಆಯ್ಕೆಯಾಗೋರು 18 ಜನ, ಅದರಲ್ಲಿ ಅರ್ಧ ಮಹಿಳೆಯರೇ ಇರಬೇಕು. ಎಂಟು ಹೆಸರು ಆಗಲೇ ಸಿಕ್ಕಿರುತ್ತೆ, ಒಂಬತ್ತನೆಯದು ಸಿಕ್ಕಿರಲ್ಲ. ಜಾಸ್ತಿ ಮಾತಾಡದ, ಕರೆದಾಗ ಬರುವ, ಬರದೇ ಹೋದರೂ ಬೇಜಾರಿಲ್ಲದ ಒಬ್ಬ ಹೆಣ್ಣುಮಗಳು ಬೇಕು. ನಿನ್ನನ್ನ ನಾಲ್ಕನೇ ತರಗತಿಯಲ್ಲಿ ಕಂಡಿದ್ದ ನಾನಾಗಿದ್ದರೆ ಈ ಲೆಕ್ಕಕ್ಕೆ ನಿನ್ನ ಹೆಸರನ್ನ ಖಂಡಿತಾ ಸೂಚಿಸ್ತಿರಲಿಲ್ಲ. ಭಾಗಾಕಾರದಲ್ಲಿ ಶೇಷ ಉಳಿದರೆ "ಇದನ್ನ ಏನು ಮಾಡೋದು ಸಾರ್" ಅಂತ ಊಟದ ಗಂಟೆ ಹೊಡೆದ ಮೇಲೂ ನಿಂತಿರ್ತಿದ್ದವಳು ನೀನು.

ಈ ಸಮಿತಿ ನಿನ್ನೆ ಮೊನ್ನೆಯದಲ್ಲ. ಮೊದಲು ಗ್ರಾಮ ಶಿಕ್ಷಣ ಸಮಿತಿ ಅಂತ ಇತ್ತು. ಊರಿನ ದೊಡ್ಡಮನುಷ್ಯರದ್ದು. ಅವರಲ್ಲಿ ಬಹಳ ಜನರ ಮಕ್ಕಳು ಆ ಶಾಲೆಗೇ ಬರ್ತಿರಲಿಲ್ಲ. ವಿಜ್ಞಾನಿ ರಾಜಾರಾಮಣ್ಣನವರ ನೇತೃತ್ವದ ಕಾರ್ಯಪಡೆ ಶಾಲೆಯನ್ನ ಪೋಷಕರ ಕೈಗೆ ಕೊಡಿ ಅಂತ ಹೇಳಿದ ಮೇಲೆ, 2001ರಲ್ಲಿ ಸರ್ಕಾರ ಆದೇಶ ಮಾಡಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಅಂತ ತಂತು. ಹೆಸರಿನಲ್ಲಿ ಎರಡು ಕೆಲಸ ಇದೆ, ಗಮನಿಸು. ಅಭಿವೃದ್ಧಿ ಅನ್ನೋದು ಎಲ್ಲರಿಗೂ ಇಷ್ಟ: ಬಣ್ಣ ಬಳಿಸೋದು, ಗೇಟ್ ಹಾಕಿಸೋದು, ಅದರ ಮೇಲೆ ಹೆಸರು ಬರೆಸೋದು. ಮೇಲುಸ್ತುವಾರಿ ಅಂದರೆ ನೋಡಿಕೊಳ್ಳೋದು, ಕೇಳೋದು. ಅದು ಯಾರಿಗೂ ಬೇಡ, ಮುಖ್ಯವಾಗಿ ನಮ್ಮಂಥ ಮೇಷ್ಟ್ರುಗಳಿಗೆ. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯ್ತು. ಅದರ 21ನೇ ಸೆಕ್ಷನ್ ದೇಶಕ್ಕೆಲ್ಲ ಇದನ್ನೇ ಹೇಳುತ್ತೆ: ಸಮಿತಿಯ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು, ಹಿಂದುಳಿದ ಮನೆಗಳ ಮಕ್ಕಳು ಎಷ್ಟಿದ್ದಾರೋ ಅದಕ್ಕೆ ತಕ್ಕ ಹಾಗೆ ಅವರ ಅಪ್ಪಅಮ್ಮಂದಿರಿಗೂ ಜಾಗ. ಆ ಸಂಖ್ಯೆ 21 ಮಾತ್ರ ನೆನಪಿಟ್ಟುಕೋ. ಯಾರಾದರೂ "ನಿಮಗ್ಯಾಕಮ್ಮ ಇದೆಲ್ಲ" ಅಂದಾಗ ಬೇಕಾಗುತ್ತೆ.

ನಿನ್ನ ತಂಗಿ ಮಕ್ಕಳು ಹೋಗುವ ಆ ಹಳದಿ ವ್ಯಾನಿನ ಕಾನ್ವೆಂಟಿಗೆ ಈ ಸೆಕ್ಷನ್ ಅನ್ವಯಿಸಲ್ಲ. ಸರ್ಕಾರದ ದುಡ್ಡು ತಗೊಳ್ಳದ ಶಾಲೆ ಅದು. ಅಲ್ಲಿ ಫೀಸು ಕಟ್ಟಿ ಕೈಮುಗಿದು ಬರೋದು. ಇಲ್ಲಿ ಒಂದು ರೂಪಾಯಿ ಕಟ್ಟದ ನಿನಗೆ ಪ್ರಶ್ನೆ ಕೇಳೋ ಹಕ್ಕಿದೆ. ವಿಚಿತ್ರ ಅನಿಸಬಹುದು, ಆದರೆ ಇರೋದು ಹಾಗೇ.

ಈಗ ಚುನಾವಣೆ. ಪಂಚಾಯ್ತಿ ಚುನಾವಣೆ ಥರ ಬೆರಳಿಗೆ ಶಾಯಿ, ಚಿಹ್ನೆ, ಪೊಲೀಸು ಯಾವುದೂ ಇರಲ್ಲ. ಮುಖ್ಯಶಿಕ್ಷಕರು ನೋಟಿಸ್ ಕೊಡ್ತಾರೆ, ಪೋಷಕರ ಸಭೆ ಸೇರುತ್ತೆ, ಒಬ್ಬರು ಹೆಸರು ಸೂಚಿಸ್ತಾರೆ, ಇನ್ನೊಬ್ಬರು ಅನುಮೋದಿಸ್ತಾರೆ. ನಾನು ನಡೆಸಿದ ಸಭೆಗಳಲ್ಲೆಲ್ಲ ಮೊದಲು ಒಮ್ಮತಕ್ಕೆ ನೋಡ್ತಿದ್ದೆ, ಆಗದೇ ಹೋದರೆ ಕೈ ಎತ್ತಿಸ್ತಿದ್ದೆ. ಎರಡು ಸಲ ಮಾತ್ರ ಜಟಾಪಟಿಯಾಗಿ ಚೀಟಿ ಬರೆಸಬೇಕಾಯ್ತು. ಬಣ್ಣದ ಚಾಕ್‌ಪೀಸಿನ ಡಬ್ಬಿಯೇ ಮತಪೆಟ್ಟಿಗೆ. ಎಣಿಸಿದಾಗ ಎಲ್ಲರ ಬೆರಳೂ ಗುಲಾಬಿ. ಆ 18 ಜನ ಆದ ಮೇಲೆ ಅವರು ತಮ್ಮೊಳಗೇ ಒಬ್ಬರನ್ನ ಅಧ್ಯಕ್ಷರನ್ನಾಗಿ, ಇನ್ನೊಬ್ಬರನ್ನ ಉಪಾಧ್ಯಕ್ಷರನ್ನಾಗಿ ಆರಿಸಿಕೊಳ್ತಾರೆ. ಅವಧಿ ಮೂರು ವರ್ಷ. ಮುಖ್ಯಶಿಕ್ಷಕರು ಕಾರ್ಯದರ್ಶಿ. ಪಂಚಾಯ್ತಿ ಮೆಂಬರು, ಅಂಗನವಾಡಿ ಕಾರ್ಯಕರ್ತೆ, ಆರೋಗ್ಯ ಸಹಾಯಕಿ ಇವರೆಲ್ಲ ಹುದ್ದೆಯ ಕಾರಣಕ್ಕೆ ಬಂದು ಕೂರ್ತಾರೆ. ಅಧ್ಯಕ್ಷರ ಕುರ್ಚಿ ಮಾತ್ರ ಪೋಷಕರದ್ದೇ.

ಪುಸ್ತಕದಲ್ಲಿರೋದು ಇಷ್ಟು. ನಡೆಯೋದು ಬೇರೆ. ನಮ್ಮ ಕಡೆ ಈ ಚುನಾವಣೆ ಸಭೆಯ ದಿನ ನಡೆಯಲ್ಲ ಕಣಮ್ಮ, ಅದಕ್ಕೆ ಎರಡು ದಿನ ಮುಂಚೆಯೇ ಅರಳಿಕಟ್ಟೆ ಮೇಲೆ ಮುಗಿದಿರುತ್ತೆ. ಪಂಚಾಯ್ತಿ ಚುನಾವಣೆಯಲ್ಲಿ ಸೋತ ಕಡೆಯವರಿಗೆ ಸಮಾಧಾನಕ್ಕೆ ಅಂತ ಅಧ್ಯಕ್ಷಗಿರಿ, ಮೇಲಿನ ಬೀದಿಗೆ ಇಷ್ಟು, ಕೆಳಗಿನ ಬೀದಿಗೆ ಅಷ್ಟು, ಕಾಲೋನಿಗೆ ಕಾನೂನು ಹೇಳಿದಷ್ಟು. ಸಭೆ ಇಟ್ಟಿರೋದು ಬೆಳಿಗ್ಗೆ ಹನ್ನೊಂದಕ್ಕೆ. ಕಳೆ ಕೀಳೋಕೆ ಹೋದ ಹೆಂಗಸು ಹನ್ನೊಂದಕ್ಕೆ ಹೇಗೆ ಬರ್ತಾಳೆ? ಬಂದೋರು ಇಪ್ಪತ್ತು ಜನ, ಪಟ್ಟಿ ಓದ್ತಾರೆ, "ಸರಿನೇನಪ್ಪಾ" ಅಂತಾರೆ, ಚಪ್ಪಾಳೆ. "ಅವಿರೋಧ ಆಯ್ಕೆ" ಅಂತ ಬರ್ಕೊಳ್ತೀವಿ. ಅವಿರೋಧ ಅನ್ನೋ ಪದ ಕೇಳೋಕೆ ಚೆಂದ. ವಿರೋಧ ಮಾಡೋರು ಹೊಲದಲ್ಲಿದ್ದರು ಅನ್ನೋದು ನಡಾವಳಿಯಲ್ಲಿ ಬರಲ್ಲ.

ಅದಕ್ಕೇ ನಿನಗೆ ಮೊದಲ ಕೆಲಸ ಹೆಸರು ಕೊಡೋದಲ್ಲ. ಮುಖ್ಯಶಿಕ್ಷಕಿ ಹತ್ತಿರ ಹೋಗಿ, "ಮೇಡಂ, ಸಭೇನ ಭಾನುವಾರ ಸಂಜೆ ಇಡಿ, ಇಲ್ಲ ಕೂಲಿ ಇಲ್ಲದ ದಿನ ಇಡಿ" ಅಂತ ಕೇಳು. ಜಗಳದ ದನಿ ಬೇಡ. ಆ ಹೆಣ್ಣುಮಗಳು ಬಂದು ಇನ್ನೂ ಒಂದು ವರ್ಷ ಆಗಿಲ್ಲ, ಪ್ರತಿ ಸಂಜೆ ಎರಡು ಬಸ್ಸು ಬದಲಾಯಿಸಿ ಊರು ಸೇರ್ತಾಳೆ. ಭಾನುವಾರ ಅಂದರೆ ಮುಖ ಸಣ್ಣ ಮಾಡಬಹುದು. ಹಬ್ಬದ ಮಾರನೇ ದಿನ ಹೇಳಿ ನೋಡು, ಬೆಂಗಳೂರಿಗೆ ಹೋದ ಅಪ್ಪಂದಿರೂ ಊರಲ್ಲಿರ್ತಾರೆ. ನೋಟಿಸನ್ನ ಮಕ್ಕಳ ಕೈಗೆ ಕೊಟ್ಟರೆ ದೋಣಿ ಆಗುತ್ತೆ. ಡೇರಿ ಗೋಡೆಗೆ, ರೇಷನ್ ಅಂಗಡಿ ಬಾಗಿಲಿಗೆ ಅಂಟಿಸಿ ಅಂತ ಹೇಳು.

ಇನ್ನೊಂದು. ಕೆಳಗಿನ ಬೀದಿಯ ಕೊನೇ ಮನೆಯ ಅಜ್ಜಿ ಇದ್ದಾಳಲ್ಲ, ಮಗಳು ಗಾರ್ಮೆಂಟ್ಸಿಗೆ ಅಂತ ಬೆಂಗಳೂರಿಗೆ ಹೋದ ಮೇಲೆ ಎರಡು ಮೊಮ್ಮಕ್ಕಳನ್ನ ಸಾಕ್ತಿರೋಳು? ದಿನಾ ಬೆಳಿಗ್ಗೆ ಶಾಲೆ ಗೇಟಿನ ತನಕ ಬಂದು ಬಿಟ್ಟುಹೋಗ್ತಾಳೆ. ಸಭೆಗೆ ಯಾರೂ ಕರೆಯಲ್ಲ. ಯಾಕಂದರೆ ಅವಳು "ತಾಯಿ" ಅಲ್ಲ ಅಂತ. ಕಾಯ್ದೆ ತಂದೆತಾಯಿ ಅಥವಾ ಪೋಷಕರು ಅಂತಲೇ ಹೇಳುತ್ತೆ. ಸಾಕೋರು ಪೋಷಕರಲ್ಲದೆ ಇನ್ನೇನು? ಅವಳಿಗೆ ನೀನೇ ಹೋಗಿ ಹೇಳು. ಅವಳು ಬಂದರೆ ಅವಳ ಬೀದಿಯ ನಾಲ್ಕು ಹೆಂಗಸರು ಬರ್ತಾರೆ.

ಓಟು ಕೇಳೋ ವಿಷಯಕ್ಕೆ ಬಂದರೆ, ಕರಪತ್ರ, ಮೈಕು, ಬಿರಿಯಾನಿ ಇದ್ಯಾವುದಕ್ಕೂ ಕೈ ಹಾಕಬೇಡ. ಬಿರಿಯಾನಿ ಹಾಕಿಸಿ ಗೆದ್ದ ಒಬ್ಬನನ್ನ ನೋಡಿದ್ದೀನಿ. ಮೂರು ವರ್ಷ ಅದರ ಖರ್ಚು ಹೇಗೆ ವಾಪಸ್ ಬರಬೇಕು ಅನ್ನೋದೊಂದೇ ಅವನ ಯೋಚನೆ, ಕೊನೆಗೆ ಶಾಲೆ ಹಿಂದಿನ ನೀಲಗಿರಿ ಮರದ ಮೇಲೆ ಕಣ್ಣು ಹಾಕಿದ. ಡೇರಿ ಹತ್ತಿರ, ನಲ್ಲಿ ಹತ್ತಿರ, ಶಾಲೆ ಬಿಡೋ ಹೊತ್ತಿನ ಗೇಟಿನ ಹತ್ತಿರ, "ನಾನು ನಿಂತಿದ್ದೀನಿ, ಸಭೆಗೆ ಬನ್ನಿ" ಅಂದರೆ ಸಾಕು. "ನನಗೆ ಓಟು ಹಾಕಿ" ಅನ್ನೋದಕ್ಕಿಂತ "ಬನ್ನಿ" ಅನ್ನೋದೇ ದೊಡ್ಡ ಮಾತು ಇಲ್ಲಿ.

ಅಧ್ಯಕ್ಷ ಆಗಬೇಕು ಅಂತ ಇಸ್ತ್ರಿ ಅಂಗಿ ಹಾಕಿಕೊಂಡು ಓಡಾಡ್ತಿದ್ದಾನಲ್ಲ ಒಬ್ಬ, ಅವನ ಮಗ ಈಗ ಎಷ್ಟನೇ ತರಗತಿ? ಏಳು. ನಿಮ್ಮದು ಏಳರ ತನಕದ ಶಾಲೆ. ಮಗ ಟಿ.ಸಿ. ತಗೊಂಡು ಹೋದ ದಿನ ಅಪ್ಪನ ಸದಸ್ಯತ್ವವೂ ಹೋಗುತ್ತೆ. ಇದನ್ನ ಸಭೆಯಲ್ಲಿ ಯಾರೂ ಎತ್ತಲ್ಲ. ನೀನು ಎತ್ತು, ನಗ್ತಾ ಎತ್ತು. ನಿನ್ನ ಮಗ ನಾಲ್ಕು, ಮಗಳು ಒಂದು. ಮೂರು ವರ್ಷ ಪೂರ್ತಿ ಸಿಗುತ್ತೆ ನಿನಗೆ. ಆರಿಸುವಾಗ ಒಂದು ಎರಡನೇ ತರಗತಿ ಮಕ್ಕಳ ಅಮ್ಮಂದಿರನ್ನ ನೋಡಿ ಆರಿಸಿ ಅಂತ ನಾನು ಹೇಳೋದು ಇದಕ್ಕೇ.

ಈಗ ನನ್ನ ತಪ್ಪು ಹೇಳ್ತೀನಿ, ಇದನ್ನ ಹೇಳದೆ ಉಳಿದದ್ದು ಹೇಳೋಕೆ ನನಗೆ ಬಾಯಿಲ್ಲ. ಸಮಿತಿಯ ನಡಾವಳಿ ಪುಸ್ತಕ ಅಂತ ಒಂದಿರುತ್ತೆ, ಕೆಂಪು ರಟ್ಟಿನ ಉದ್ದ ಪುಸ್ತಕ. ಅದರಲ್ಲಿ ಹಾಜರಾತಿ ಸಹಿ, ಕೆಳಗೆ ನಿರ್ಣಯ. ವರ್ಷಗಟ್ಟಲೆ ನಾನು ಆ ಪುಸ್ತಕವನ್ನ ಏಳನೇ ತರಗತಿ ಹುಡುಗನ ಕೈಲಿ ಮನೆಮನೆಗೆ ಕಳಿಸಿದ್ದೀನಿ. "ಮೇಷ್ಟ್ರು ಸಹಿ ಹಾಕಬೇಕಂತೆ." ದನ ಕಟ್ಟುತ್ತಿದ್ದೋರು ಕೈ ಒರೆಸಿಕೊಂಡು ಹಾಕ್ತಿದ್ದರು. ನಿರ್ಣಯದ ಜಾಗ ಖಾಲಿ ಇರ್ತಿತ್ತು, ಆಮೇಲೆ ನಾನು ಬರೀತಿದ್ದೆ. ಸಭೆ ನಡೆದಿರಲಿಲ್ಲ, ಪುಸ್ತಕದಲ್ಲಿ ನಡೆದಿತ್ತು. ದುಡ್ಡು ತಿಂದೆ ಅಂದುಕೋಬೇಡ. ಸಭೆ ಕರೆಯೋಕೆ ಬೇಜಾರು, ಕರೆದರೆ ಪ್ರಶ್ನೆ ಬರುತ್ತೆ ಅನ್ನೋ ಅಂಜಿಕೆ, ಮೇಲಿನವರಿಗೆ ನಾಳೆ ವರದಿ ಹೋಗಬೇಕು ಅನ್ನೋ ಅವಸರ. ನಾನು ಒಳ್ಳೇ ಮೇಷ್ಟ್ರು ಅಂತಲೇ ಎಲ್ಲ ಹೇಳ್ತಿದ್ದರು. ಒಳ್ಳೇ ಮೇಷ್ಟ್ರ ಪುಸ್ತಕಕ್ಕೆ ಕಣ್ಣು ಮುಚ್ಚಿ ಸಹಿ ಹಾಕಿದ ಊರು, ಆಮೇಲೆ ಬಂದವರ ಪುಸ್ತಕಕ್ಕೂ ಹಾಗೇ ಹಾಕುತ್ತೆ ಅನ್ನೋದು ಆಗ ತಲೆಗೆ ಹೋಗಲಿಲ್ಲ.

ತಲೆಗೆ ಹೋಗಿಸಿದ್ದು ಒಬ್ಬ ಕೂಲಿ ಹೆಂಗಸು. ನಿವೃತ್ತಿಗೆ ಸ್ವಲ್ಪ ಮುಂಚೆ, ಮೊಟ್ಟೆ ಕೊಡೋಕೆ ಶುರುವಾಗಿತ್ತು. ಒಂದು ಮೊಟ್ಟೆಗೆ ಸರ್ಕಾರ ಕೊಡ್ತಿದ್ದದ್ದು 6 ರೂಪಾಯಿ: ಮೊಟ್ಟೆಗೆ 5 ರೂಪಾಯಿ 20 ಪೈಸೆ, ಬೇಯಿಸೋಕೆ 50 ಪೈಸೆ, ಸುಲಿದುಕೊಡೋ ಅಡುಗೆಯವರಿಗೆ 30 ಪೈಸೆ. ಆಕೆ ಸಮಿತಿ ಸದಸ್ಯೆ, ಒಂಬತ್ತನೇ ಹೆಸರೇ ಅವಳದ್ದೂ. ಒಂದು ಮಧ್ಯಾಹ್ನ ಅಡುಗೆಮನೆ ಹತ್ತಿರ ಬಂದು ನಿಂತಳು. ಗೋಡೆಗೆ ಒರಗಿಸಿದ್ದ ಖಾಲಿ ಟ್ರೇ ನೋಡಿದಳು. ಆಮೇಲೆ ನನ್ನ ಮೇಜಿನ ಮೇಲಿದ್ದ ಪುಸ್ತಕ ನೋಡಿ, "ಮೇಷ್ಟ್ರೇ, ಟ್ರೇ ನಾಲ್ಕೇ ಇದೆ, ಮೂವತ್ತ ನಾಲ್ಕಲಿ ನೂರಿಪ್ಪತ್ತು. ಇಲ್ಲಿ ನೂರಾ ಮೂವತ್ತೊಂದು ಅಂತ ಬರ್ದಿದೀರಿ?" ಅಂದಳು. ಅವಳು ಶಾಲೆಗೆ ಹೋದೋಳಲ್ಲ. ಸಂತೆಯಲ್ಲಿ ಮೊಟ್ಟೆ ಮಾರಿ ಗೊತ್ತಿತ್ತು, ಮೊಮ್ಮಗನ ಹತ್ತಿರ ಅಂಕಿ ಓದೋದು ಕಲಿತಿದ್ದಳು. ಆಗಿದ್ದು ಇಷ್ಟೇ: ಪಕ್ಕದೂರಲ್ಲಿ ಜಾತ್ರೆ, ಹನ್ನೊಂದು ಮಕ್ಕಳು ಬಂದಿರಲಿಲ್ಲ, ನಾನು ಹಿಂದಿನ ದಿನದ ಸಂಖ್ಯೆಯನ್ನೇ ಬರೆದಿದ್ದೆ. ಹನ್ನೊಂದಾರಲಿ ಅರವತ್ತಾರು ರೂಪಾಯಿ. ತಿದ್ದಿ, ಪಕ್ಕದಲ್ಲಿ ಸಹಿ ಹಾಕಿದೆ. ಅವಳು ಜಗಳ ಆಡಲಿಲ್ಲ, ಊರಿಗೆ ಡಂಗುರ ಹೊಡೆಯಲಿಲ್ಲ. ಆದರೆ ಆ ದಿನದಿಂದ ಮೊಟ್ಟೆಯ ದಿನ ಬೆಳಿಗ್ಗೆ ನಾನು ಮೊದಲು ಮಕ್ಕಳ ತಲೆ ಎಣಿಸ್ತಿದ್ದೆ.

ಮೇಲುಸ್ತುವಾರಿ ಅಂದರೆ ಇದು ಕಣಮ್ಮ. ಈಗ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವು ಸೇರಿ 2024ರಿಂದ ಮೊಟ್ಟೆ ವಾರಕ್ಕೆ ಆರು ದಿನ ಆಗಿದೆ. ಎಣಿಸೋದಕ್ಕೂ ಆರು ದಿನ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡ್ತಾರೆ, ಅದರ ಲೆಕ್ಕ ಬೇರೆ ಕಾಲಂ. ದಿನಾ ಹೋಗಿ ಕಾವಲು ಕೂರು ಅಂತಲ್ಲ. ಹೇಳದೇ ಕೇಳದೇ ಯಾವತ್ತಾದರೂ ಹೋಗು, ಮಕ್ಕಳ ಸಾಲಿನಲ್ಲೇ ತಟ್ಟೆ ಹಿಡಿದು ಊಟ ಮಾಡಿ ಬಾ. ಸಾರು ನೀರಾಗಿದೆಯೋ ಇಲ್ಲವೋ ನಾಲಿಗೆ ಹೇಳುತ್ತೆ.

ಬೂಟಿನ ವಿಷಯ. ಸರ್ಕಾರ ದುಡ್ಡು ಕೊಡುತ್ತೆ, ಖರೀದಿ ಶಾಲೆಯ ಹಂತದಲ್ಲಿ, ಸಮಿತಿಯ ಮೂಲಕ. ನನ್ನ ಕಾಲದಲ್ಲಿ ಒಂದರಿಂದ ಐದನೇ ತರಗತಿಗೆ ಜೊತೆಗೆ 265 ರೂಪಾಯಿ, ಆರರಿಂದ ಎಂಟಕ್ಕೆ 295 ಇತ್ತು. ಆ ದುಡ್ಡಿಗೆ ಒಳ್ಳೆಯದೂ ಸಿಗುತ್ತೆ, ಎರಡು ಮಳೆಗೆ ಬಾಯಿ ಬಿಡೋದೂ ಸಿಗುತ್ತೆ. ಅಂಗಡಿಯವನು ತರೋ ಮಾದರಿ ಜೊತೆ ಯಾವಾಗಲೂ ಚೆನ್ನಾಗಿರುತ್ತೆ. ಆ ಮಾದರಿಯನ್ನ ವಾಪಸ್ ಕೊಡಬೇಡಿ, ಶಾಲೆಯ ಬೀರುವಿನಲ್ಲಿ ಇಡಿ. ಮಾಲು ಬಂದ ದಿನ ಪಕ್ಕಪಕ್ಕ ಇಟ್ಟು ಅಟ್ಟೆ ಬಗ್ಗಿಸಿ ನೋಡಿ.

ಇನ್ನು ಶಾಲಾ ಅನುದಾನ. ಸಮಗ್ರ ಶಿಕ್ಷಣದ ಲೆಕ್ಕ ಮಕ್ಕಳ ಸಂಖ್ಯೆ ಮೇಲೆ: 30ರ ತನಕ 10,000, 31ರಿಂದ 100ರ ತನಕ 25,000, 101ರಿಂದ 250ರ ತನಕ 50,000 ರೂಪಾಯಿ. ನಿಮ್ಮ ಶಾಲೆಯಲ್ಲಿ ಎಷ್ಟು? 97. ಇನ್ನು ನಾಲ್ಕು ಮಕ್ಕಳು ಬಂದರೆ ಮಿತಿಯೇ ಎರಡರಷ್ಟಾಗುತ್ತೆ. ಆ ವ್ಯಾನು ಹತ್ತುವ ಮಕ್ಕಳಲ್ಲಿ ನಾಲ್ಕು ಜನರ ಮನೆಗೆ ಹೋಗಿ ಮಾತಾಡಿಕೊಂಡು ಬರೋದು ದಾನಿಗಳ ಹಿಂದೆ ಓಡಾಡೋದಕ್ಕಿಂತ ಸುಲಭ. ಬಂದ ದುಡ್ಡು ಯಾವುದಕ್ಕೆ ಅನ್ನೋದನ್ನ ಸಮಿತಿಯ ಯೋಜನೆಯಲ್ಲಿ ಬರೆದಿರಬೇಕು. ಶಾಲಾ ಅಭಿವೃದ್ಧಿ ಯೋಜನೆ ಮಾಡೋದು ಸಮಿತಿಯ ಕೆಲಸ ಅಂತ ಕಾಯ್ದೆಯ 22ನೇ ಸೆಕ್ಷನ್ನಿನಲ್ಲಿದೆ. ಬಹಳ ಕಡೆ ಪಕ್ಕದ ಶಾಲೆಯದ್ದನ್ನ ನಕಲು ಹೊಡೆದು ಹೆಸರು ಬದಲಾಯಿಸ್ತಾರೆ. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿಲ್ಲದ ಶಾಲೆಯ ಯೋಜನೆಯಲ್ಲಿ "ಈಜುಕೊಳದ ರಕ್ಷಣಾ ಬೇಲಿ" ಅಂತ ಬಂದಿದ್ದನ್ನ ಕಣ್ಣಾರೆ ಓದಿದ್ದೀನಿ. ಯಾವ ಶಾಲೆಯದ್ದರಿಂದ ನಕಲಾಯ್ತೋ ದೇವರಿಗೇ ಗೊತ್ತು.

ದುಡ್ಡು ಎತ್ತೋ ಮಾತು ಬಂದರೆ ಮಾತ್ರ ಹುಷಾರು. 2022ರ ಅಕ್ಟೋಬರಿನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ತಗೋಬಹುದು ಅಂತ ಇಲಾಖೆ ಸುತ್ತೋಲೆ ಹೊರಡಿಸಿ, ಗಲಾಟೆ ಆದ ಮೇಲೆ ವಾಪಸ್ ತಗೊಳ್ತು. ಸ್ವಇಚ್ಛೆ ಅಂತಲೇ ಬರೆದಿತ್ತು. ಆದರೆ ಹಳ್ಳಿಯಲ್ಲಿ ಸ್ವಇಚ್ಛೆ ಅಂದರೇನು ಅಂತ ನಿನಗೂ ಗೊತ್ತು, ನನಗೂ ಗೊತ್ತು. ಕೊಟ್ಟವರ ಹೆಸರನ್ನ ಬೋರ್ಡಿನ ಮೇಲೆ ಬರೆದ ತಕ್ಷಣ ಕೊಡದವರ ಮಕ್ಕಳು ತಲೆ ತಗ್ಗಿಸ್ತಾರೆ.

ನಿನ್ನ ಕೈಲಿ ಆಗದ್ದೂ ಇದೆ. ಶಿಕ್ಷಕರನ್ನ ವರ್ಗ ಮಾಡಿಸೋಕೆ ಆಗಲ್ಲ, ಕಾಯಂ ಶಿಕ್ಷಕರನ್ನ ತರೋಕೆ ಆಗಲ್ಲ. ತರಗತಿಯೊಳಗೆ ನುಗ್ಗಿ "ಯಾಕೆ ಹೀಗೆ ಪಾಠ ಮಾಡ್ತೀರಿ" ಅನ್ನೋದು ಸಲ್ಲ. ಆದರೆ ಶಿಕ್ಷಕರು ಹೊತ್ತಿಗೆ ಸರಿಯಾಗಿ ಬರ್ತಾರಾ, ಮಕ್ಕಳಿಗೆ ಹೊಡೀತಾರಾ ಅಂತ ಕೇಳೋಕೆ ಆಗುತ್ತೆ. ಹೊಡೆಯೋದು ಕಾನೂನಿಗೇ ವಿರುದ್ಧ. ಶಿಕ್ಷಕರ ಕೊರತೆ ಇದ್ದರೆ ಬಿಇಒ ಕಚೇರಿಗೆ ಸಮಿತಿಯ ನಿರ್ಣಯ ಬರೆದು ಕಳಿಸು. ಬಾಯಲ್ಲಿ ಹೇಳಿದ್ದು ಕಚೇರಿಯ ಫ್ಯಾನಿನ ಗಾಳಿಗೆ ಹೋಗುತ್ತೆ, ನಿರ್ಣಯದ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡರೆ ಉತ್ತರ ಕೊಡಲೇಬೇಕಾಗುತ್ತೆ.

ಮುಖ್ಯಶಿಕ್ಷಕಿಯನ್ನ ಶತ್ರು ಮಾಡಿಕೋಬೇಡ. ಬಿಸಿಯೂಟ, ಹಾಲು, ಬೂಟು, ಗಣತಿ, ಆನ್‌ಲೈನ್ ಎಂಟ್ರಿ, ಇದರ ಮಧ್ಯೆ ಪಾಠ. ಅವರ ಪರವಾಗಿ ಮಾತಾಡೋಕೂ ಊರಲ್ಲಿ ಒಬ್ಬರು ಬೇಕು. ಆದರೆ ಯಾವುದಾದರೂ ಮಧ್ಯಾಹ್ನ ಒಬ್ಬ ಹುಡುಗ ಕೆಂಪು ರಟ್ಟಿನ ಪುಸ್ತಕ ಹಿಡಿದು ನಿನ್ನ ಹಟ್ಟಿ ಬಾಗಿಲಿಗೆ ಬಂದರೆ, ಅವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸು. ಸಹಿ ಮಾತ್ರ ಬೇಡ. "ಶಾಲೆಗೇ ಬರ್ತೀನಿ ಅಂತ ಹೇಳಪ್ಪ" ಅನ್ನು. ಹೋಗು, ಸಭೆ ಮುಗಿದ ಮೇಲೆ, ನಿರ್ಣಯ ಬರೆದ ಮೇಲೆ, ಓದಿಸಿ ಕೇಳಿದ ಮೇಲೆ, ಕೊನೇ ಸಾಲಿನ ಕೆಳಗೆ ಜಾಗ ಬಿಡದ ಹಾಗೆ ಸಹಿ ಹಾಕು. ನೀನು ಅಧ್ಯಕ್ಷೆ ಆದರೆ ಚೆಕ್ಕಿಗೂ ಇದೇ ಮಾತು. ಖಾಲಿ ಚೆಕ್ಕಿಗೆ ಸಹಿ ಕೇಳಿದರೆ, "ನಮ್ಮೆಜಮಾನರಿಗೇ ಹಾಕಿಕೊಡಲ್ಲ" ಅಂದುಬಿಡು.

ಎಜಮಾನರು ಅಂದ ಮೇಲೆ ನೆನಪಾಯ್ತು. ಸಭೆಗೆ ನಿನ್ನ ಬದಲಿಗೆ ಅವನು ಹೋಗಿ ಕೂರೋದು ಬೇಡ. ನಿನ್ನ ಗಂಡ ಒಳ್ಳೆಯವನು, ಗೊತ್ತು. ಅವನೂ ನನ್ನ ಶಿಷ್ಯನೇ, ಲೆಕ್ಕದಲ್ಲಿ ನಿನ್ನಷ್ಟಿರಲಿಲ್ಲ. ಸಭೆಯ ಸಂಜೆ ಹಾಲು ಕರೆದು ಡೇರಿಗೆ ಹಾಕೋ ಕೆಲಸ ಅವನಿಗೆ ವಹಿಸು.

ನೋಟಿಸ್ ಬಂದ ದಿನ ಫೋನ್ ಮಾಡು. ಸಮಿತಿಯ 2006ರ ಮಾದರಿ ಉಪವಿಧಿ ಪುಸ್ತಕ ನನ್ನ ಹತ್ತಿರ ಇದೆ, ಅಂಚು ಗೆದ್ದಲು ತಿಂದಿದೆ, ನಡುವೆ ಓದಬಹುದು. ಆಮೇಲಿನ ಸುತ್ತೋಲೆಗಳನ್ನ ಶಾಲೆಯಲ್ಲೇ ಕೇಳು, ಕೊಡಬೇಕು. ಮಧ್ಯಾಹ್ನ ಎರಡರಿಂದ ನಾಲ್ಕು ಮಾತ್ರ ಫೋನ್ ಬೇಡ. ಮೂವತ್ತಾರು ವರ್ಷ ಆ ಹೊತ್ತಿನಲ್ಲಿ ತೂಕಡಿಸೋ ಏಳನೇ ತರಗತಿಗೆ ಸಮಾಜ ಪಾಠ ಮಾಡಿದ್ದೀನಿ, ಆ ನಿದ್ದೆಯ ಬಾಕಿ ಈಗ ತೀರಿಸಿಕೊಳ್ತಿದ್ದೀನಿ.